ಟ್ರ್ಯಾಕ್ಟರ್ ಹಾಡಿನ ಪೆನ್‌ಡ್ರೈವ್

ಕಂಪ್ಯೂಟರ್ ರಿಪೇರಿಗೆ ಹೊಸದಾಗಿ ಇಳಿದವರು ಆಗೊಮ್ಮೆ ಈಗೊಮ್ಮೆ ಮನೆಗೆ ಬಂದು, “ನಾಗರಾಜಣ್ಣ, ನಿಮ್ಮ ಅನುಭವ ಏನಾದ್ರೂ ಹೇಳ್ರಿ” ಅನ್ನುತ್ತಾರೆ. ಅವರಿಗೆ ಬೇಕಾಗಿರುವುದು ಸತ್ತ ಬೋರ್ಡನ್ನು ಬದುಕಿಸುವ ಗುಟ್ಟು. ಅದೆಲ್ಲ ಈಗ ಮೊಬೈಲಿನಲ್ಲೇ ಸಿಗುತ್ತದೆ, ನನ್ನಂಥ ಮುದುಕನ ಬಾಯಿಂದ ಕೇಳಬೇಕಾಗಿಲ್ಲ. ನನ್ನ ಬಳಿ ಹೇಳಲು ಇರುವುದು ಬೇರೆ. ಮೂವತ್ತು ವರ್ಷದಲ್ಲಿ ಎಷ್ಟು ಯಂತ್ರಗಳನ್ನು ಸರಿ ಮಾಡಿದೆನೋ ನೆನಪಿಲ್ಲ. ಆದರೆ ಒಬ್ಬ ಮನುಷ್ಯನ ದನಿಯನ್ನು ಕೈಯಾರೆ ಅಳಿಸಿ ಹಾಕಿದೆ, ಅಳಿಸಿದ ಮೇಲೆ ಸುಳ್ಳು ಹೇಳಿದೆ. ಅದು ಮಾತ್ರ ಮರೆತಿಲ್ಲ. ಅದನ್ನು ಬಿಟ್ಟು ಉಳಿದದ್ದನ್ನು ಹೇಳಿದರೆ ಬರೀ ಬಡಾಯಿ ಆಗುತ್ತದೆ.

ನಾನು ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯವನು. ರೇಡಿಯೊ ರಿಪೇರಿ ಅಷ್ಟಿಷ್ಟು ಕಲಿತು ಶಿಕಾರಿಪುರಕ್ಕೆ ಬಂದು ಗುರುಬಸಪ್ಪನವರ ಅಂಗಡಿ ಸೇರಿದೆ. ಮೊದಲು ಟಿವಿ, ಆಮೇಲೆ ಯುಪಿಎಸ್, ಅದರ ಹಿಂದೆಯೇ ಕಂಪ್ಯೂಟರ್. ಈ ಕೆಲಸವೆಂದರೆ ತಣ್ಣಗೆ ಕೂತು ಕೀಲಿ ಒತ್ತುವುದು ಎಂದುಕೊಂಡು ಬರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಮುಕ್ಕಾಲು ಪಾಲು ಕಸ ಬಳಿಯುವ ಕೆಲಸ. ಅಕ್ಕಿ ಗಿರಣಿಯ ಕಂಪ್ಯೂಟರ್ ಬಿಚ್ಚಿದರೆ ಒಳಗೆ ಅಂಗೈ ದಪ್ಪ ತೌಡು. ಇನ್ನೊಂದರಲ್ಲಿ ಇರುವೆ ಗೂಡು, ಮತ್ತೊಂದರಲ್ಲಿ ಫ್ಯಾನಿಗೆ ಸಿಕ್ಕಿ ಒಣಗಿದ ಹಲ್ಲಿ. ಆಯುಧಪೂಜೆಯ ಮರುದಿನವಂತೂ ಅಂಗಡಿ ಮುಂದೆ ಸಾಲೇ ನಿಲ್ಲುತ್ತಿತ್ತು. ಭಕ್ತಿಯಿಂದ ಬಳಿದ ಕುಂಕುಮ ಕೀಲಿಗಳ ಸಂದಿಗೆ, ಪೆನ್‌ಡ್ರೈವ್ ಚುಚ್ಚುವ ತೂತಿಗೆ ಇಳಿದಿರುತ್ತಿತ್ತು. ಒಬ್ಬರು ಲ್ಯಾಪ್‌ಟಾಪಿನ ಪಕ್ಕದಲ್ಲೇ ತೆಂಗಿನಕಾಯಿ ಒಡೆದು, “ದೇವ್ರಿಗೆ ಮಾಡಿದ್ದು ಕಣ್ರೀ, ಹಾಳಾಗಲ್ಲ ಅನ್ಕಂಡಿದ್ವಿ” ಎಂದಿದ್ದರು. ಹಲ್ಲುಜ್ಜುವ ಬ್ರಷ್ ಹಿಡಿದು ದಿನವಿಡೀ ಕುಂಕುಮ ತಿಕ್ಕಿದ್ದೇನೆ.

ಗುರುಬಸಪ್ಪನವರು ಕಸುಬಿನಲ್ಲಿ ಗಟ್ಟಿಗರು, ಬಾಯಿ ಮಾತ್ರ ಕೆಟ್ಟದ್ದು. ಆನವಟ್ಟಿಯ ಫೋಟೊಗ್ರಾಫರ್ ಒಬ್ಬ ತಂದ ಪೆನ್‌ಡ್ರೈವನ್ನು ನಾನು ಹಿಂದುಮುಂದು ನೋಡದೆ ಅಂಗಡಿಯ ಕಂಪ್ಯೂಟರಿಗೆ ಚುಚ್ಚಿದ್ದರಿಂದ ವೈರಸ್ ಹೊಕ್ಕು ಮೂರು ಯಂತ್ರ ಮಲಗಿದವು. ಅವತ್ತು ಅವರು ಬೈದ ಬೈಗುಳಕ್ಕೆ ಎದುರಿನ ಸೈಕಲ್ ಶಾಪಿನವರು ಎದ್ದು ಬಂದಿದ್ದರು. ಅಲ್ಲಿಂದ ಒಂದು ಕಟ್ಟಪ್ಪಣೆ ಆಯಿತು. ಹೊರಗಿನ ಪೆನ್‌ಡ್ರೈವ್ ಬಳಸಬೇಕಾದರೆ ಮೊದಲು ಪೂರ್ತಿ ಫಾರ್ಮ್ಯಾಟ್ ಮಾಡಬೇಕು.

“ಕ್ವಿಕ್ ಫಾರ್ಮ್ಯಾಟ್ ಅನ್ನೋದು ತಲೆಗೆ ನೀರು ಚಿಮಕಿಸ್ಕೊಂಡು ಸ್ನಾನ ಆತು ಅಂದಂಗೆ. ಬುಡದ ಮಟ ತೊಳಿಬೇಕು ತಿಳೀತಾ?” ಎಂದಿದ್ದರು.

ಕ್ವಿಕ್ ಫಾರ್ಮ್ಯಾಟಿನಲ್ಲಿ ಹೆಸರಿನ ಪಟ್ಟಿಯಷ್ಟೇ ಅಳಿಯುತ್ತದೆ, ಒಳಗಿನ ಸರಕು ಹಾಗೇ ಕೂತಿರುತ್ತದೆ. ತಪ್ಪಿ ಮಾಡಿದರೂ ಮೇಲೆತ್ತಬಹುದು. ಪೂರ್ತಿ ಮಾಡಿದರೆ ಪ್ರತಿ ಜಾಗಕ್ಕೂ ಸೊನ್ನೆ ತುಂಬುತ್ತದೆ. ಆಮೇಲೆ ಬ್ರಹ್ಮ ಬಂದರೂ ಏನೂ ಸಿಗುವುದಿಲ್ಲ.

ಅವರು ಕಲಿಸಿದ ಇನ್ನೊಂದು ಪಾಠವೂ ಇದೆ. ಹೊಸದರಲ್ಲಿ ನಾನು ಒಬ್ಬ ಮೇಷ್ಟ್ರ ಲ್ಯಾಪ್‌ಟಾಪ್ ಬಿಚ್ಚುವಾಗ ಪರದೆಯ ಮೂಲೆ ಸೀಳಿಬಿಟ್ಟೆ. ಮೇಷ್ಟ್ರು ಬಂದಾಗ ನಾನು ಬಾಯಿ ತೆರೆಯುವ ಮೊದಲೇ ಗುರುಬಸಪ್ಪನವರು, “ತರುವಾಗ್ಲೇ ಸೀಳಿತ್ತಲ್ರೀ ಸರ್, ನೀವು ನೋಡಿಲ್ಲೇನು?” ಎಂದರು. ಮೇಷ್ಟ್ರು ತಮ್ಮ ಮಕ್ಕಳನ್ನೇ ಬೈದುಕೊಂಡು ಹೋದರು. ಅವರು ಹೋದಮೇಲೆ ಗುರುಬಸಪ್ಪನವರು ನನ್ನ ಕಡೆ ತಿರುಗಿ, “ಗಿರಾಕಿಗೆ ಗೊತ್ತಾಗದ ತಪ್ಪು ತಪ್ಪಲ್ಲ ಕಣೋ” ಎಂದರು. ಅವತ್ತು ನನಗೆ ಎಷ್ಟು ಸಮಾಧಾನವಾಯಿತೆಂದರೆ, ಆ ಮಕ್ಕಳಿಗೆ ಮನೆಯಲ್ಲಿ ಏನಾಗಿರಬಹುದೆಂದು ಯೋಚಿಸಲೂ ಇಲ್ಲ. ಗುರುಬಸಪ್ಪನವರು ತೀರಿಕೊಂಡು ಅಂಗಡಿ ನನ್ನ ಕೈಗೆ ಬಂದಾಗ ಅವರ ಎರಡು ಪಾಠಗಳೂ ನನ್ನ ಜೊತೆಗೇ ಬಂದವು.

ಇನ್ನು ‘ಬೂಸ್ಟ್’ ವಿಷಯ. ಹಳೇ ಲ್ಯಾಪ್‌ಟಾಪಿಗೆ ರ‍್ಯಾಮ್ ಎಂಬ ತಕ್ಷಣದ ನೆನಪಿನ ಜಾಗ ಕಡಿಮೆ ಇದ್ದರೆ ಅದು ಪದೇ ಪದೇ ಹಾರ್ಡ್ ಡಿಸ್ಕಿಗೆ ಓಡುತ್ತದೆ. ಹಾರ್ಡ್ ಡಿಸ್ಕೋ ಆಮೆ. ಅದಕ್ಕೆ ವಿಂಡೋಸಿನಲ್ಲೇ ರೆಡಿಬೂಸ್ಟ್ ಎಂಬ ಒಂದು ಸೌಲಭ್ಯ ಇತ್ತು. ಪೆನ್‌ಡ್ರೈವ್ ಚುಚ್ಚಿ, ಅದರ ಜಾಗವನ್ನು ಇದಕ್ಕೇ ಮೀಸಲಿಟ್ಟರೆ, ಮತ್ತೆ ಮತ್ತೆ ಬೇಕಾಗುವ ಚೂರುಪಾರು ಅದರಲ್ಲಿ ಕೂತು ಕೈಗೆ ಬೇಗ ಸಿಗುತ್ತದೆ. ಅಡುಗೆಮನೆಯ ಡಬ್ಬಿಯಲ್ಲಿ ಒಂದಿಷ್ಟು ಬೇಳೆ ಇಟ್ಟುಕೊಂಡರೆ ಪ್ರತಿ ಸಲ ಅಟ್ಟ ಹತ್ತುವುದು ತಪ್ಪುವ ಹಾಗೆ. ಆದರೆ ಅದು ರ‍್ಯಾಮ್ ಅಲ್ಲ, ಯಾವತ್ತಿಗೂ ಆಗುವುದಿಲ್ಲ. ತೀರಾ ಬಡ ಯಂತ್ರಕ್ಕೆ ತುಸು ಉಸಿರು ಬರುತ್ತದೆ, ರ‍್ಯಾಮ್ ಸಾಕಷ್ಟಿದ್ದರೆ ಏನೂ ಆಗುವುದಿಲ್ಲ. ಹೊಸ ಕಾಲದ ವೇಗದ ಡಿಸ್ಕ್ ಆದ ಎಸ್‌ಎಸ್‌ಡಿ ಹಾಕಿದ್ದರೆ ಯಂತ್ರವೇ ಬೇಡ ಅನ್ನುತ್ತದೆ.

ಕೊರೊನಾ ಕಾಲದಲ್ಲಿ ಮಕ್ಕಳ ಪಾಠವೆಲ್ಲ ಪರದೆಗೆ ಬಂದು, ಅಟ್ಟದ ಮೇಲೆ ಎಸೆದಿದ್ದ ಲ್ಯಾಪ್‌ಟಾಪ್‌ಗಳೆಲ್ಲ ಕೆಳಗಿಳಿದವು. ಹಳೇ ಮಾದರಿಯ ರ‍್ಯಾಮ್ ಎಲ್ಲೂ ಸಿಗುತ್ತಿರಲಿಲ್ಲ. ಆಗ ಕುಪ್ಪಗಡ್ಡೆಯ ಒಬ್ಬ ಮೇಷ್ಟ್ರ ಯಂತ್ರಕ್ಕೆ ಪೆನ್‌ಡ್ರೈವ್ ಬೂಸ್ಟ್ ಹಾಕಿಕೊಟ್ಟೆ. ಅದು ನಿಜಕ್ಕೂ ಬಡ ಯಂತ್ರ, ಸ್ವಲ್ಪ ಚುರುಕಾಯಿತು. ಮೇಷ್ಟ್ರು ಸೊರಬದಿಂದ ಆನವಟ್ಟಿಯವರೆಗೆ ಡಂಗುರ ಹೊಡೆದರು. “ನಾಗರಾಜಣ್ಣನ ಹತ್ರ ಒಂದು ಪೆನ್‌ಡ್ರೈವ್ ಹಾಕ್ಸಿದ್ರೆ ಲ್ಯಾಪ್‌ಟಾಪು ಕುದುರೆ ಆಗ್ತದೆ ಮಾರಾಯ್ರೆ!” ಕೊರೊನಾ ಮುಗಿದ ಮೇಲೂ ಬಸ್ಸಿನಲ್ಲಿ, ಬೈಕಿನಲ್ಲಿ ಜನ ಬಂದರು. ಎಷ್ಟೋ ಯಂತ್ರಗಳಿಗೆ ಅದರಿಂದ ಪ್ರಯೋಜನವಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಹಾಕಿಕೊಟ್ಟೆ. ಪೆನ್‌ಡ್ರೈವಿನ ಸಣ್ಣ ದೀಪ ಮಿಣುಕುತ್ತಿದ್ದರೆ ಅವರಿಗೆ ಕೆಲಸ ಆಗುತ್ತಿದೆ ಅನಿಸುತ್ತಿತ್ತು, ನನಗೂ ಹೊಗಳಿಕೆ ರುಚಿಸಿತ್ತು.

ಹಾಗೆ ಬಂದವರು ಪೆನ್‌ಡ್ರೈವ್ ತರುತ್ತಿದ್ದದ್ದು ಟ್ರ್ಯಾಕ್ಟರಿನಿಂದ. ನಮ್ಮ ಕಡೆ ಸ್ಪೀಕರ್ ಕಟ್ಟಿಸದ ಟ್ರ್ಯಾಕ್ಟರ್ ಹುಡುಕಬೇಕು. ಮೊಬೈಲ್ ಅಂಗಡಿಯಲ್ಲಿ ಹಾಡು ತುಂಬಿಸಿಕೊಂಡ ಪೆನ್‌ಡ್ರೈವ್ ಮನೆಗೆರಡು ಇದ್ದೇ ಇರುತ್ತದೆ. “ಏನೈತ್ರೀ ಇದರಾಗೆ?” ಎಂದು ಕೇಳಿದರೆ, “ಟ್ರ್ಯಾಕ್ಟರ್ ಹಾಡು, ಅಳಸ್ರೀ, ಮತ್ತೆ ತುಂಬಿಸ್ಕಂತೀವಿ” ಎಂಬುದು ಸಿದ್ಧ ಉತ್ತರ. ಕೇಳಿ ಕೇಳಿ ನಾನು ಕೇಳುವುದನ್ನೇ ಬಿಟ್ಟೆ.

ಅಂಥ ಒಂದು ದಿನ ರೇಖಾ ಎಂಬ ಹುಡುಗಿ ಫೋನ್ ಮಾಡಿದಳು. ಈಸೂರಿನ ಆಚೆಯ ಹಳ್ಳಿಯವಳು, ಬಿ.ಎಡ್. ಕೊನೆಯ ವರ್ಷ.

“ಸರ್, ನನ್ ಲ್ಯಾಪ್‌ಟಾಪ್ ಬಾಳ ನಿಧಾನ ಐತೆ, ಹ್ಯಾಂಗ್ ಆಗ್ತೈತೆ. ಬೂಸ್ಟ್ ಹಾಕ್ಕೊಡ್ತೀರಾ? ನನಗೆ ಕ್ಲಾಸ್ ಐತೆ. ಅಪ್ಪ ನಾಳೆ ಆಸ್ಪತ್ರೆಗೆ ಬರ್ತಾರೆ, ಅವ್ರ ಕೈಲಿ ಕಳಿಸ್ತೀನಿ. ಅವ್ರಿಗೆ ಮಾತು ಬರಲ್ಲ ಸರ್, ಒಂಚೂರು ನೋಡ್ಕೊಳ್ರಿ.”

“ಕಳಿಸಮ್ಮ, ಅದಕ್ಕೇನಂತೆ” ಎಂದೆ.

ಆಗ ನನಗೆ ಗೊತ್ತಿರದಿದ್ದನ್ನು ನಿಮಗೆ ಈಗಲೇ ಹೇಳಿಬಿಡುತ್ತೇನೆ. ಅವಳ ತಂದೆ ಹಾಲಪ್ಪನವರು ಕುರಿ ಸಾಕುವವರು, ನೂರರ ಮೇಲಿದ್ದವು. ಗಂಟಲಲ್ಲಿ ಕ್ಯಾನ್ಸರ್ ಆಗಿ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ಡಾಕ್ಟರು ಹೇಳಿದಾಗ ಅವರಿಗೆ ಮೊದಲು ಹತ್ತಿದ ಚಿಂತೆ ಕುರಿಗಳದ್ದಂತೆ. ಕುರಿ ಕೂಗಿಗೆ ಬರುತ್ತವೆ, ಅದೂ ತಮ್ಮ ಕುರುಬನ ಕೂಗಿಗೆ. ಆಪರೇಷನ್ನಿಗೆ ಮುಂಚೆ ರೇಖಾ ಎರಡು ದಿನ ತಂದೆಯ ಹಿಂದೆಯೇ ತಿರುಗಿ ಅವರ ಕೂಗುಗಳನ್ನು ಮೊಬೈಲಿನಲ್ಲಿ ಹಿಡಿದಿಟ್ಟಳು. ಬೆಳಿಗ್ಗೆ ಎಬ್ಬಿಸುವ ಕೂಗು, ನೀರಿಗೆ ಕರೆಯುವ ಕೂಗು, ಸಂಜೆ ಹಟ್ಟಿಗೆ ತಿರುಗಿಸುವ ಕೂಗು. ನಡುವೆ ಒಂದು ಕಡೆ, “ರೇಖವ್ವಾ, ಬುತ್ತಿ ಉಂಡ್ಯಾ?” ಎಂದು ಅವರು ಕೇಳಿದ್ದೂ ಅದರಲ್ಲಿ ಸೇರಿಕೊಂಡಿತ್ತು. ಅವನ್ನೆಲ್ಲ ಮನೆಯಲ್ಲಿದ್ದ ಹಾಡಿನ ಪೆನ್‌ಡ್ರೈವಿಗೆ ಹಾಕಿ, ಹೆಗಲಿಗೆ ನೇತುಹಾಕುವ ಸಣ್ಣ ಸ್ಪೀಕರಿಗೆ ಚುಚ್ಚಿಕೊಟ್ಟಳು. ಗಂಟಲು ಹೋದ ಮೇಲೆ ಹಾಲಪ್ಪನವರು ಗುಂಡಿ ಒತ್ತುತ್ತಿದ್ದರು, ಅವರ ಹಳೇ ದನಿ ಹೊಲದ ತುಂಬ ಕೂಗುತ್ತಿತ್ತು, ಕುರಿ ತಲೆಯೆತ್ತಿ ಬರುತ್ತಿದ್ದವು. ಮೊದಮೊದಲು ನಕ್ಕ ಊರವರು ಆಮೇಲೆ ನಗಲಿಲ್ಲವಂತೆ.

ಮರುದಿನ ಮಧ್ಯಾಹ್ನ ಹಾಲಪ್ಪನವರು ಬಂದರು. ಬಿಸಿಲಲ್ಲೂ ಕುತ್ತಿಗೆಗೆ ಮಫ್ಲರ್. ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಎರಡೂ ಕೈಯಲ್ಲಿ ಮೇಜಿನ ಮೇಲಿಟ್ಟರು. ಅದರ ಪಕ್ಕಕ್ಕೆ ಒಂದು ಪೆನ್‌ಡ್ರೈವ್ ಚುಚ್ಚಿಯೇ ಇತ್ತು. ಬೂಸ್ಟಿಗೆಂದೇ ಕಳಿಸಿದ್ದಾಳೆ ಎಂದುಕೊಂಡೆ. ತೆರೆದರೆ ಮೊದಲ ಪರದೆ ತುಂಬ ಹಾಡುಗಳ ಹೆಸರು. ಕೆಳಗೆ ಸರಿಸಿ ನೋಡಲಿಲ್ಲ.

ಹಾಲಪ್ಪನವರು ಬೆರಳಿನಿಂದ ಪೆನ್‌ಡ್ರೈವ್ ತೋರಿಸಿದರು. ಮಫ್ಲರಿನ ಮೇಲೆ ಕೈ ಇಟ್ಟುಕೊಂಡರು. ಮತ್ತೆ ಪೆನ್‌ಡ್ರೈವ್ ತೋರಿಸಿದರು.

“ಟ್ರ್ಯಾಕ್ಟರ್ ಹಾಡು ತಾನೇ? ಮತ್ತೆ ತುಂಬಿಸ್ಕೊಳ್ಳೋರಂತೆ ಬಿಡ್ರೀ” ಎಂದು ಫಾರ್ಮ್ಯಾಟ್ ಪೆಟ್ಟಿಗೆ ತೆರೆದೆ. ಕ್ವಿಕ್ ಎಂಬಲ್ಲಿದ್ದ ಗುರುತನ್ನು ಅಭ್ಯಾಸದಂತೆ ತೆಗೆದೆ.

ಅವರು ನನ್ನ ಮಣಿಕಟ್ಟಿನ ಮೇಲೆ ಕೈ ಇಟ್ಟರು. ಒರಟು ಕೈ, ಹಿಡಿತ ಗಟ್ಟಿಯಾಗಿತ್ತು. ನಾನು ತಲೆಯೆತ್ತಿ ಅವರ ಮುಖ ನೋಡಿದ್ದರೆ ಸಾಕಿತ್ತು. ಹಿಂದೆ ಮೂರು ಜನ ಕಾಯುತ್ತಿದ್ದರು. ಇವರಿಗೆ ಬಸ್ಸಿನ ಅವಸರ ಎಂದುಕೊಂಡೆ.

“ಆಯ್ತು ಯಜಮಾನ್ರೇ, ಹತ್ತೇ ನಿಮಿಷ, ಕೂತ್ಕೊಳ್ರಿ” ಎಂದು ಅವರ ಕೈ ಬಿಡಿಸಿ ಗುಂಡಿ ಒತ್ತಿದೆ.

ಮುಗಿಯುವವರೆಗೂ ಅವರು ಕೂರಲಿಲ್ಲ. ಪರದೆಯ ಮೇಲೆ ಹಸಿರು ಪಟ್ಟಿ ಬೆಳೆಯುವುದನ್ನೇ ನೋಡುತ್ತಾ ನಿಂತಿದ್ದರು. ಆಮೇಲೆ ಅದೇ ಪೆನ್‌ಡ್ರೈವನ್ನು ಬೂಸ್ಟಿಗೆ ಮೀಸಲಿಟ್ಟು ಯಂತ್ರವನ್ನು ಆರಿಸಿ ಹೊತ್ತಿಸಿ ತೋರಿಸಿದೆ. ಏಳುವುದರಲ್ಲಿ ಐದಾರು ಸೆಕೆಂಡು ಉಳಿದಿರಬಹುದು. “ನೋಡ್ರಿ, ಕುದುರೆ ಆತು” ಎಂದೆ. ಅವರು ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಹೋದರು.

ಸಂಜೆ ರೇಖಾಳ ಫೋನ್. “ಸರ್, ಪೆನ್‌ಡ್ರೈವ್‌ನಾಗೆ ಅಪ್ಪನ ದನಿ ಇತ್ತು. ಏನೂ ಕಾಣ್ತಿಲ್ಲ. ನೀವು ತೆಗೆದಿಟ್ಕೊಂಡೀರಾ ಸರ್?”

ಅವಳೇ ಹೇಳುತ್ತಾ ಹೋದಳು: ಮೊಬೈಲ್ ತುಂಬಿಹೋಯಿತೆಂದು ಅಲ್ಲಿಂದ ತೆಗೆದು ಪೆನ್‌ಡ್ರೈವಿಗೆ ಸಾಗಿಸಿದ್ದಳು. ಒಂದು ಕಾಪಿ ಲ್ಯಾಪ್‌ಟಾಪಿನಲ್ಲೂ ಇರಲೆಂದು ಹಿಂದಿನ ದಿನ ಚುಚ್ಚಿದ್ದಳು, ಕಾಪಿ ಆಗುವಾಗ ಯಂತ್ರ ಹ್ಯಾಂಗ್ ಆಗಿತ್ತು. ಹಾಗೆಯೇ ಮುಚ್ಚಿ ಕಳಿಸಿದ್ದಳು. ಬೂಸ್ಟ್ ಹಾಕಿಸಲು ಹೊರಟಿದ್ದೇ ಆ ದನಿಯನ್ನು ಕಾಪಿ ಮಾಡಿಕೊಳ್ಳಲು.

ಆಗ ನನ್ನ ಬಾಯಿಂದ ಗುರುಬಸಪ್ಪನವರ ಮಾತು ಬಂತು. “ನಾನು ನೋಡುವಾಗ್ಲೇ ಪೆನ್‌ಡ್ರೈವ್ ಹಾಳಾಗಿತ್ತಮ್ಮ. ಒಳಗೆ ಏನೂ ಇರ್ಲಿಲ್ಲ. ಹ್ಯಾಂಗ್ ಆದಾಗ ಹೋಗಿರ್ಬೇಕು.”

“ಹಂಗಾದ್ರೆ ನಾನೇ ಕಳ್ದೆ” ಎಂದು ಫೋನ್ ಇಟ್ಟಳು.

ಮರುದಿನ ಅವಳು ಮೊಬೈಲ್, ಲ್ಯಾಪ್‌ಟಾಪ್, ಪೆನ್‌ಡ್ರೈವ್ ಎಲ್ಲವನ್ನೂ ತಂದುಕೊಟ್ಟಳು. ಎರಡು ದಿನ ಬೇರೆ ಕೆಲಸ ಮುಟ್ಟದೆ, ಅಳಿಸಿದ್ದನ್ನು ಎತ್ತುವ ಸಾಫ್ಟ್‌ವೇರುಗಳನ್ನೆಲ್ಲ ಓಡಿಸಿದೆ. ಪೆನ್‌ಡ್ರೈವಿನಲ್ಲಿ ಬೂಸ್ಟಿನ ಕಡತವೊಂದು ಬಿಟ್ಟರೆ ಬರೀ ಸೊನ್ನೆ, ಮೊಬೈಲಿನಲ್ಲೂ ಏನೂ ಸಿಗಲಿಲ್ಲ. ಲ್ಯಾಪ್‌ಟಾಪಿನ ಕಡೆ ನೋಡಿದರೆ, ಅರ್ಧ ಆಗಿದ್ದ ಕಾಪಿಯೂ ಸಿಗಲಿಲ್ಲ, ಹಾರ್ಡ್ ಡಿಸ್ಕಿನಲ್ಲೇ ಹುಳುಕು. ಅದು ನಿಧಾನವಾಗಿದ್ದದ್ದು, ಹ್ಯಾಂಗ್ ಆಗುತ್ತಿದ್ದದ್ದು ಅದಕ್ಕೇ. ಡಿಸ್ಕ್ ಬದಲಾಯಿಸಿದ್ದರೆ ಮುಗಿಯುತ್ತಿತ್ತು, ಬೂಸ್ಟಿನ ಅಗತ್ಯವೇ ಇರಲಿಲ್ಲ. ಮೊದಲ ದಿನ ಐದು ನಿಮಿಷ ಪರೀಕ್ಷೆ ಮಾಡಿದ್ದರೆ ತಿಳಿಯುತ್ತಿತ್ತು. ನಾನು ಡಿಸ್ಕ್ ಬದಲಾಯಿಸಿಕೊಟ್ಟೆ. ನಿಜ ಹೇಳಲಿಲ್ಲ.

ಎರಡು ತಿಂಗಳು ಕಳೆದಿರಬೇಕು. ಆನವಟ್ಟಿ ಕಡೆಯ ರೈತರೊಬ್ಬರು ಪ್ರಿಂಟರ್ ತಂದಿದ್ದರು. ಗೊಬ್ಬರಕ್ಕೆಂದು ಕೊಯ್ಲಾದ ಗದ್ದೆಯಲ್ಲಿ ಕುರಿ ನಿಲ್ಲಿಸಿಕೊಂಡಿದ್ದೇನೆ ಎಂದು ಮಾತು ತೆಗೆದರು.

“ಈಸೂರು ಕಡೆಯೋರ ಕುರಿ ಕಣ್ರೀ. ಪಾಪ, ಯಜಮಾನಂಗೆ ಗಂಟ್ಲೇ ಇಲ್ಲ. ಮೊದ್ಲು ಪೆಟ್ಟಿಗೇಲಿ ಕೂಗಿಸ್ತಿದ್ನಂತೆ, ಅದೂ ಕೆಟ್ಟೋಯ್ತಂತೆ. ಕುರಿ ಮಾತೇ ಕೇಳ್ದೆ ಚದುರಿ, ಏಳು ಮರೀನ ನಾಯಿ ಹರ್ಕೊಂಡ್ ತಿಂದ್ವು. ಹೆಂಡ್ತಿಗೆ ಮೊಣಕಾಲು ನೋವು, ನಡಿಯಾಕಾಗಲ್ಲ. ಮಗ್ಳು ಪರೀಕ್ಷೆ ಬಿಟ್ಟು ಕುರಿ ಹಿಂದೆ ಬಂದದೆ.”

ಅವರ ಪ್ರಿಂಟರ್ ಹಾಗೇ ಬಿಟ್ಟು ಎದ್ದೆ. ಬೈಕಿನಲ್ಲಿ ಅವರ ಹಿಂದೆಯೇ ಆನವಟ್ಟಿಗೆ ಹೋದೆ. ದಾರಿಯುದ್ದಕ್ಕೂ ತಿರುಗಿ ಹೋಗಿಬಿಡೋಣ ಎನಿಸುತ್ತಿತ್ತು. ನನ್ನ ಮಾನ ಉಳಿಸಿಕೊಳ್ಳಲು ಆ ಹುಡುಗಿಯ ತಲೆಗೆ ಪಾಪ ಕಟ್ಟಿದ್ದೆ.

ಹಾಲಪ್ಪನವರು ಬದುವಿನ ಮೇಲೆ ಕೋಲು ಹಿಡಿದು ಕೂತಿದ್ದರು. ನನ್ನನ್ನು ನೋಡಿದರು, ಗುರುತು ಹಿಡಿದರು, ಮುಖ ತಿರುಗಿಸಿಕೊಂಡರು. ರೇಖಾ ಬಿಸಿಲಿಗೆ ಕಪ್ಪಿಟ್ಟಿದ್ದಳು. “ಬರ್ರಿ ಸರ್” ಎಂದು ಅವಳೇ ಕಂಬಳಿ ಹಾಸಿದಳು. ನಾನು ಕೂರಲಿಲ್ಲ.

“ಪೆನ್‌ಡ್ರೈವ್ ಹಾಳಾಗಿರ್ಲಿಲ್ಲಮ್ಮ. ನಾನೇ ಅಳಿಸಿದ್ದು. ನಿಮ್ಮಪ್ಪ ಕೈ ಹಿಡಿದ್ರು, ನಾನು ಬಿಡಿಸ್ಕೊಂಡು ಅಳಿಸಿದೆ. ಆಮೇಲೆ ನಿನಗೆ ಸುಳ್ಳು ಹೇಳಿದೆ.”

ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಸಿಕೊಳ್ಳಲೆಂದೇ ಹೋಗಿದ್ದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ತಂದೆಯ ಕಡೆ ನೋಡಿದಳು.

“ಅವತ್ತು ಮನೆಗೆ ಬಂದೋರೇ ಅಪ್ಪ ಸನ್ನೆ ಮಾಡಿದ್ರು, ಅಂಗಡಿಯೋರು ಅಳಿಸಿದ್ರು ಅಂತ. ಎರಡು ದಿನ ಮಾಡಿದ್ರು. ನಾನೇ ನಂಬ್ಲಿಲ್ಲ. ನಿನಗೆ ಕಂಪ್ಯೂಟರ್ ಏನ್ ಗೊತ್ತೈತೆ, ಸುಮ್ನಿರು ಅಂದೆ.” ಹಾಸಿದ್ದ ಕಂಬಳಿಯನ್ನು ಮಡಚಿದಳು. “ಅವತ್ತಿಂದ ಅಪ್ಪ ನನ್ ಜೊತೆ ಸನ್ನೇನೂ ಮಾಡಲ್ಲ ಸರ್.”

ನಾನು ಅಳಿಸಿದ್ದು ರೆಕಾರ್ಡಿಂಗ್ ಎಂದುಕೊಂಡಿದ್ದೆ. ಆಪರೇಷನ್ ಆದ ಮೇಲೆ ಆ ಮನುಷ್ಯನಿಗೆ ಉಳಿದಿದ್ದ ಮಾತೆಂದರೆ ಕೈಸನ್ನೆಯೊಂದೇ. ನನ್ನ ಸುಳ್ಳು ಅದನ್ನೂ ಕಿತ್ತುಕೊಂಡಿತ್ತು, ಅದೂ ಸ್ವಂತ ಮಗಳ ಮುಂದೆ.

ಅದಾದ ಮೇಲೆ ನಾನು ಹೆಚ್ಚು ದಿನ ರಿಪೇರಿ ಬೆಂಚಿನ ಮುಂದೆ ಕೂರಲಿಲ್ಲ. ಹೊಸಬರಿಗೆ ನಾನು ಹೇಳುವುದು ಇಷ್ಟೇ. ಗಿರಾಕಿಯ ಯಾವುದನ್ನೇ ಅಳಿಸುವ ಮೊದಲು ಕೊನೆಯ ಫೋಲ್ಡರಿನವರೆಗೂ ತೆರೆದು ನೋಡಿ, ಒಂದು ಕಾಪಿ ಎತ್ತಿಟ್ಟುಕೊಳ್ಳಿ. ರೋಗ ಯಾವುದೆಂದು ತಿಳಿಯದೆ ಮದ್ದು ಹಾಕಬೇಡಿ. ಎದುರಿಗೆ ನಿಂತವರು ಕೈ ಹಿಡಿದರೆ ಕೈ ನಿಲ್ಲಿಸಿ, ಮುಖ ನೋಡಿ. ತಪ್ಪು ಮಾಡಿದರೆ ಅವತ್ತೇ ಹೇಳಿ. ನಾನು ಎರಡು ತಿಂಗಳು ತಡ ಮಾಡಿದೆ. ಏಳು ಮರಿ ಸತ್ತವು, ಒಂದು ಪರೀಕ್ಷೆ ಹೋಯಿತು, ತಂದೆ ಮಗಳ ನಡುವೆ ಏನು ಹೋಯಿತೆಂದು ನನಗೆ ಪೂರ್ತಿ ಗೊತ್ತಿಲ್ಲ.

ಅವತ್ತು ಗದ್ದೆಯಲ್ಲಿ ನಾನು ತಪ್ಪು ಒಪ್ಪಿ ಮುಗಿಸುವಷ್ಟರಲ್ಲಿ ಹೊತ್ತು ಇಳಿದಿತ್ತು, ಕುರಿಗಳು ಕಾಲುವೆಯ ಆಚೆ ಚದುರಿದ್ದವು. ರೇಖಾ ತಂದೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, “ತಪ್ಪಾತಪ್ಪಾ” ಎಂದಳು. ಹಾಲಪ್ಪನವರು ಬಹಳ ಹೊತ್ತು ಅವಳನ್ನೇ ನೋಡಿದರು. ಆಮೇಲೆ ಕೋಲನ್ನು ಕೆಳಗಿಟ್ಟು, ಕೈಯೆತ್ತಿ ಕುರಿಗಳ ಕಡೆ ತೋರಿಸಿದರು. ಅವಳು ಎದ್ದು ನಿಂತು, ಕೈಗಳನ್ನು ಬಾಯಿಯ ಸುತ್ತ ಹಿಡಿದು ಹಟ್ಟಿಗೆ ಕರೆಯುವ ಕೂಗು ಹಾಕಿದಳು. ಒಂದೆರಡು ಕುರಿ ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗಿದವು. ಅವಳು ಮತ್ತೆ ಕೂಗಿದಳು. ಬದುವಿನ ಮೇಲೆ ಹಾಲಪ್ಪನವರೂ ಕತ್ತೆತ್ತಿ ಬಾಯಿ ತೆರೆದು ಅವಳ ಜೊತೆಗೇ ಕೂಗುತ್ತಿದ್ದರು. ಕೇಳಿಸುತ್ತಿದ್ದದ್ದು ಅವಳ ದನಿ ಒಂದೇ.